ಯಜ್ಞನಾರಾಯಣನಿಗೆ ಜಾಜ್ ಅರ್ಥವಾದ ದಿನ

ಮೇಲಧಿಕಾರಿಗಳು ಏನು ಕೇಳಿದರೂ ಮೊದಲು ‘ಯೆಸ್ ಸರ್’ ಅಂದುಬಿಡುವುದು, ಏನು ಕೇಳಿದರು ಎಂದು ಆಮೇಲೆ ಯೋಚಿಸುವುದು, ಇದು ಯಜ್ಞನಾರಾಯಣನ ಅಭ್ಯಾಸ. ಬ್ಯಾಂಕಿಗೆ ಸೇರಿದಂದಿನಿಂದ ಈ ಅಭ್ಯಾಸ ಅವನಿಗೆ ಒಳ್ಳೆಯದನ್ನೇ ಮಾಡಿತ್ತು. ಅದು ತಿರುಗಿ ಬಿದ್ದದ್ದು ಎಪ್ಪತ್ತೆರಡನೆಯ ಇಸವಿಯ ಒಂದು ಶನಿವಾರ, ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಅದೂ ಜಾಜ್ ಸಂಗೀತದ ದೆಸೆಯಿಂದ.

ಕಾರಣ ತೀರ ಸಣ್ಣದು. ಹಿಂದಿನ ತಿಂಗಳು ತಿರುವನಂತಪುರದಿಂದ ರೀಜನಲ್ ಮ್ಯಾನೇಜರ್ ರಾಮದಾಸ ಮೆನನ್ ಸಾಹೇಬರು ಐಲ್ಯಾಂಡಿನ ಶಾಖೆಯ ತಪಾಸಣೆಗೆ ಬಂದಿದ್ದರು. ಚಹಾ ಕುಡಿಯುತ್ತ, ನಿಮ್ಮ ಕಡೆಯವರಿಗೆ ಸಂಗೀತದ ಹುಚ್ಚು ಇದೆಯಂತಲ್ಲ ಎಂದು ಯಜ್ಞನಾರಾಯಣನನ್ನು ಕೇಳಿದರು. ಯೆಸ್ ಸರ್. ಪಾಶ್ಚಾತ್ಯ ಸಂಗೀತ? ಯೆಸ್ ಸರ್. ಜಾಜ್? ಯೆಸ್ ಸರ್. ಹಳೆಯ ಕುಣಿತದ ಜಾಜ್ ಅಲ್ಲ, ಈಗ ಹೊಸದಾಗಿ ಬಂದಿರುವ ಫ್ರೀ ಜಾಜ್, ರಾಗವಿಲ್ಲ, ತಾಳವಿಲ್ಲ, ಒಬ್ಬೊಬ್ಬರೂ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವಂಥದ್ದು, ಅದನ್ನೂ ಕೇಳುತ್ತೀರಾ? ಯಜ್ಞನಾರಾಯಣ ಅದಕ್ಕೂ ಯೆಸ್ ಸರ್ ಅಂದ. ಮೆನನ್ ಸಾಹೇಬರು ಕಪ್ಪನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ, ಮಂಗಳೂರು.

ಮಂಗಳೂರಿನಲ್ಲಿ ಅವನ ಹೆಂಡತಿ ಸುಮಿತ್ರ ಇದ್ದಳು. ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಮದುವೆಯಾಗಿ ಎರಡು ವರ್ಷವಾದರೂ ಇಬ್ಬರೂ ಒಂದೇ ಮನೆಯಲ್ಲಿ ಒಂದು ತಿಂಗಳು ಪೂರ್ತಿ ಇದ್ದದ್ದಿಲ್ಲ. ಅವನು ಎರ್ನಾಕುಳಂನ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದು, ಮೆಸ್ಸಿನಲ್ಲಿ ಉಂಡು, ಪ್ರತಿ ಶನಿವಾರ ಸಂಜೆ ಟ್ರಂಕ್ ಕಾಲ್ ಮಾಡಿ ಸಂಸಾರ ನಡೆಸುತ್ತಿದ್ದ. ಅವಳು ಆ ಕಡೆಯಿಂದ, ಇವತ್ತು ಕೆಸುವಿನೆಲೆಯ ಪತ್ರೊಡೆ ಮಾಡಿದ್ದೆ ಎಂದಳೆಂದರೆ ಪಾಪ, ಅವತ್ತು ಅವನಿಗೆ ಮೆಸ್ಸಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಮಂಗಳೂರು ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಈ ಕಡೆಯಿಂದ ಒಬ್ಬ ಗುಮಾಸ್ತನನ್ನು ಕಳಿಸಿ ಎಂದು ಹೆಡ್ ಆಫೀಸು ಹೇಳಿತ್ತು. ಯಾರನ್ನು ಕಳಿಸಬೇಕು ಅನ್ನುವುದು ಮೆನನ್ ಸಾಹೇಬರ ಕೈಯಲ್ಲಿತ್ತು.

ಶನಿವಾರ ಬೆಳಿಗ್ಗೆ ಶಾಖೆಯ ಮ್ಯಾನೇಜರು ಯಜ್ಞನಾರಾಯಣನನ್ನು ಕರೆದು ಮೆನನ್ ಸಾಹೇಬರು ಕಳಿಸಿದ್ದ ಒಂದು ಗ್ರಾಮಫೋನ್ ರೆಕಾರ್ಡು ಕೈಗೆ ಕೊಟ್ಟರು. ಅದರ ಹೊದಿಕೆಯ ಮೇಲೆ ಬಣ್ಣದ ಡಬ್ಬಿ ಉರುಳಿ ಬಿದ್ದಂತಹ ಒಂದು ಚಿತ್ರ. ಸಂಜೆ ಐಲ್ಯಾಂಡಿನ ಕ್ಲಬ್ಬಿನಲ್ಲಿ ಮೆನನ್ ಸಾಹೇಬರ ಕಾರ್ಯಕ್ರಮವಿದೆಯಂತೆ, ‘ಹೊಸಬರು ಫ್ರೀ ಜಾಜ್ ಕೇಳುವುದು ಹೇಗೆ’ ಎಂದು. ರೆಕಾರ್ಡು ಹಾಕುವವರು ಅವರು. ಕೇಳುವುದು ಹೇಗೆ ಎಂದು ಸಭೆಗೆ ತಿಳಿಸಿ ಹೇಳುವವನು ಯಜ್ಞನಾರಾಯಣನಂತೆ.

“ನಿಮ್ಮ ವರ್ಗದ ವಿಷಯ ಇವತ್ತೇ ತೀರ್ಮಾನ ಮಾಡ್ತಾರಂತೆ,” ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. “ಚೆನ್ನಾಗಿ ಮಾತಾಡಿ.”

ಯೆಸ್ ಸರ್ ಎಂದು ಹೊರಗೆ ಬಂದ ಯಜ್ಞನಾರಾಯಣ ತನ್ನ ಕುರ್ಚಿಯಲ್ಲಿ ಕುಸಿದು ಕೂತ. ಅವನು ಕುಂಬಳೆಯ ಕಡೆಯವನು. ಅವನಿಗೆ ಗೊತ್ತಿದ್ದ ಸಂಗೀತವೆಂದರೆ ಚೆಂಡೆ ಮದ್ದಳೆ, ಭಾಗವತರ ಪದ. ಊರಿನಲ್ಲಿದ್ದಾಗ ತಾಳಮದ್ದಳೆಯಲ್ಲಿ ಚಿಕ್ಕಪುಟ್ಟ ಪಾತ್ರಗಳಿಗೆ ಅವನನ್ನು ಕೂರಿಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಚಾಪೆಯ ಮೇಲೆ ಕೂತು ಬರೀ ಮಾತಿನಲ್ಲೇ ರಾಮ-ವಾಲಿಯರು ಹೊಡೆದಾಡುವ ಕಲೆ ಅದು. ಅಲ್ಲಿ ಕೂತವನಿಗೆ ಒಂದು ಕಟ್ಟಳೆ ಉಂಟು, ಯಾವ ಪಕ್ಷ ಕೊಟ್ಟರೂ ಆ ಪಕ್ಷವನ್ನು ಬಿಡಬಾರದು, ಎದುರಿನವನು ಪ್ರಶ್ನೆ ಹಾಕಿದರೆ ಉತ್ತರ ಕೊಡದೆ ಏಳಬಾರದು. ಉತ್ತರ ಕೊಡದೆ ಎದ್ದವನನ್ನು ಕುಂಬಳೆಯ ಜನ ವರ್ಷಗಟ್ಟಲೆ ನೆನಪಿಡುತ್ತಾರೆ.

ಪಕ್ಕದ ಕೌಂಟರಿನ ದಿನಕರನಿಗೆ ಸಂಗತಿ ಕ್ಷಣದಲ್ಲಿ ಗೊತ್ತಾಯಿತು. ದಿನಕರ ಮೈಸೂರಿನವನು, ಅದೇ ಲಾಡ್ಜಿನಲ್ಲಿ ಪಕ್ಕದ ಕೋಣೆ. ಅವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿರಲಿಲ್ಲ. ವರ್ಗದ ಆಸೆಯಂತೂ ಅವನಿಗೆ ಇರಲೇ ಇಲ್ಲ. ಟೈಪಿಸ್ಟ್ ಪ್ರೇಮ ಬೆಳಿಗ್ಗೆ ಹತ್ತುವ ದೋಣಿಯನ್ನೇ ತಾನೂ ಹತ್ತಬೇಕು, ಸಂಜೆ ಅವಳು ಇಳಿಯುವ ಜೆಟ್ಟಿಯಲ್ಲೇ ಇಳಿಯಬೇಕು, ಇಷ್ಟಾದರೆ ಅವನು ಕೊಚ್ಚಿಯಲ್ಲೇ ಪಿಂಚಣಿ ತೆಗೆದುಕೊಳ್ಳಲು ತಯಾರಿದ್ದ. ಪ್ರೇಮ ಇತ್ತೀಚೆಗೆ ಅವನನ್ನು ನೋಡಿ ನಗುವುದಕ್ಕೂ ಶುರುಮಾಡಿದ್ದಳು.

“ಇದಕ್ಯಾಕ್ರೀ ಇಷ್ಟು ಗಾಬರಿ?” ಅಂದ ದಿನಕರ. “ಮೂರು ಮಾತು ಕಲಿತ್ಕೊಳ್ಳಿ. ಸ್ವಾತಂತ್ರ್ಯ, ವೇದನೆ, ಆಧುನಿಕತೆ. ಯಾರೇನು ಕೇಳಿದ್ರೂ ಕಣ್ಣು ಮುಚ್ಕೊಂಡು ಇದರಲ್ಲಿ ಒಂದು ಹೇಳಿ. ಕಣ್ಣು ಮುಚ್ಚಿದವನನ್ನ ಯಾರೂ ಎರಡನೇ ಸಲ ಕೇಳಲ್ಲ.”

“ಅಲ್ಲ ಮಾರಾಯ್ರೆ, ಒಮ್ಮೆಯಾದ್ರೂ ಅದನ್ನು ಕೇಳ್ಬೇಡ್ವಾ?” ಎಂದ ಯಜ್ಞನಾರಾಯಣ.

ಶನಿವಾರ ಬ್ಯಾಂಕು ಅರ್ಧ ದಿನ. ಬಾಗಿಲು ಹಾಕಿದ್ದೇ ತಡ, ಇಬ್ಬರೂ ಪೋರ್ಟ್ ಟ್ರಸ್ಟಿನ ಕ್ವಾರ್ಟರ್ಸಿಗೆ ನಡೆದರು. ಅಲ್ಲಿ ಬಂದರಿನ ಇಂಜಿನಿಯರ್ ಅಚ್ಯುತರಾಯರು ಇದ್ದರು, ಉಡುಪಿ ಕಡೆಯವರು. ಅವರ ಮನೆಯಲ್ಲಿ ಮದುವೆಯ ಕಾಲದ ಒಂದು ರೇಡಿಯೋಗ್ರಾಂ, ರೇಡಿಯೋ ಗ್ರಾಮಫೋನು ಎರಡೂ ಕೂಡಿದ ಪೆಟ್ಟಿಗೆ, ಇತ್ತು. ಅದಕ್ಕಿಂತ ಹೆಚ್ಚಾಗಿ ಅವರ ಹೆಂಡತಿ ವಸಂತಿ ಇದ್ದರು. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಡುವವರು. ಅವರು ತೊಡೆಯ ಮೇಲೆ ಕೈ ಬಡಿದು ತಾಳ ಹಿಡಿದರೆಂದರೆ ಅಡುಗೆಮನೆಯ ಕುಕ್ಕರು ಕೂಡ ಅದಕ್ಕೆ ಸರಿಯಾಗಿ ಕೂಗಬೇಕು, ಅಷ್ಟು ಖಡಾಖಂಡಿತ.

ಅಚ್ಯುತರಾಯರು ರೆಕಾರ್ಡನ್ನು ಭಕ್ತಿಯಿಂದ ಒರೆಸಿ ಹಾಕಿದರು. ಏಕಾಏಕಿ ಕೋಳಿಗೂಡಿಗೆ ನಾಯಿ ನುಗ್ಗಿದ ಸದ್ದು ಮನೆ ತುಂಬಿತು. ನಾಲ್ವರೂ ಕೈಕಟ್ಟಿ ಕೂತು ಕೇಳಿದರು. ಯಜ್ಞನಾರಾಯಣ, ಇದು ಶ್ರುತಿ ಮಾಡಿಕೊಳ್ಳುವುದು, ಹಾಡು ಇನ್ನು ಶುರುವಾಗುತ್ತದೆ ಎಂದು ಕಾದ. ನಮ್ಮ ಕಡೆಯ ಸಂಗೀತ ಕಛೇರಿಗಳಲ್ಲಿ ಕಾಯುವ ಹಾಗೆಯೇ ತಾಳ್ಮೆಯಿಂದ ಕಾದ. ಶ್ರುತಿ ಮಾಡಿಕೊಳ್ಳುತ್ತಲೇ ಒಂದು ಬದಿ ಮುಗಿದುಹೋಯಿತು.

“ತುಂಬ ವೇಗದವರಪ್ಪ,” ಅಂದರು ಅಚ್ಯುತರಾಯರು. ಆಗ ದಿನಕರ ಎದ್ದು ನೋಡಿದ. ಯಂತ್ರದ ವೇಗದ ಗುಂಡಿ ಹಳೆಯ ಪ್ಲೇಟುಗಳ ವೇಗದಲ್ಲೇ ಇತ್ತು. ಈ ಹೊಸ ರೆಕಾರ್ಡು ತಿರುಗಬೇಕಾದ್ದಕ್ಕಿಂತ ಎರಡರಷ್ಟಕ್ಕೂ ಹೆಚ್ಚು ಜೋರಾಗಿ ತಿರುಗಿತ್ತು. ಸರಿ, ಗುಂಡಿ ತಿರುಗಿಸಿ ಪುನಃ ಮೊದಲಿಂದ ಹಾಕಿದರು. ಈಗ ಕೋಳಿಗಳು ಹೋಗಿ ದನಗಳು ಬಂದವು. ಬೇರೆ ಏನೂ ವ್ಯತ್ಯಾಸ ಕಾಣಲಿಲ್ಲ.

ವಸಂತಿ ಬಿಡುವವರಲ್ಲ. ತೊಡೆಯ ಮೇಲೆ ಆದಿತಾಳ ಹಾಕಿದರು, ತಪ್ಪಿತು. ರೂಪಕ ಹಾಕಿದರು, ಅದೂ ತಪ್ಪಿತು. ಕೊನೆಗೆ ಎತ್ತಿದ ಕೈ ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ವಿದ್ಯೆ ಮಣ್ಣಾಯಿತು ಎಂಬ ದುಃಖವೋ, ಬರೀ ತಲೆನೋವೋ, ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಕಮಲ ಟೀಚರು ನಿಂತಿದ್ದರು. ಹಿಂದೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ರೇಡಿಯೋ ರಿಪೇರಿಯವನು. “ಚೇಚಿ, ನಿಮ್ಮ ರೇಡಿಯೋ ಕೆಟ್ಟಿದೆ, ಅರ್ಧ ಗಂಟೆಯಿಂದ ಕೇಳ್ತಿದ್ದೇವೆ, ಪಾವಂ,” ಎಂದು ವಸಂತಿಯವರಿಗೆ ಮಲಯಾಳದಲ್ಲಿ ಅಯ್ಯೋ ಪಾಪ ಅಂದರು. ಬೇಡ ಬೇಡ ಅನ್ನುವಷ್ಟರಲ್ಲಿ ಆ ಪುಣ್ಯಾತ್ಮ ರೇಡಿಯೋಗ್ರಾಮಿನ ಬೆನ್ನು ಬಿಚ್ಚಿ ಒಂದು ವಾಲ್ವು ಹೊರಗೆ ತೆಗೆದಾಗಿತ್ತು. ಅದನ್ನು ಮರಳಿ ಹಾಕಿದ ಮೇಲೆ ಯಂತ್ರ ಉಸಿರೆತ್ತಲಿಲ್ಲ. ಎರಡನೆಯ ಬದಿ ಕೇಳುವ ಭಾಗ್ಯ ಯಾರಿಗೂ ಒದಗಲಿಲ್ಲ.

ಸಂಜೆ ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ಯಜ್ಞನಾರಾಯಣ ಸ್ವಾತಂತ್ರ್ಯ, ವೇದನೆ, ಆಧುನಿಕತೆ ಎಂದು ಜಪ ಮಾಡುತ್ತಿದ್ದ. ನಡುವೆ, ಎಲ್ಲ ಒಪ್ಪಿಕೊಂಡುಬಿಡೋಣ, ನನಗೆ ಇದರ ತಲೆಬುಡ ಗೊತ್ತಿಲ್ಲ ಸರ್ ಅಂದುಬಿಡೋಣ ಎಂದು ಅನ್ನಿಸಿತು. ಅದನ್ನು ದಿನಕರನಿಗೆ ಹೇಳಿಯೂ ಹೇಳಿದ.

“ಹುಚ್ಚೇನ್ರೀ ನಿಮಗೆ? ಸುಳ್ಳು ಹೇಳಿದ್ದೆ ಅಂತ ಗೊತ್ತಾದ್ರೆ ಮಂಗಳೂರಲ್ಲ, ಲಕ್ಷದ್ವೀಪಕ್ಕೆ ಹಾಕ್ತಾರೆ,” ಅಂದ ದಿನಕರ. ಅಲ್ಲಿಗೆ ಆ ಯೋಚನೆ ಮುಗಿಯಿತು.

ಕ್ಲಬ್ಬಿನ ಹಾಲಿನಲ್ಲಿ ಬಂದರಿನ ಅಧಿಕಾರಿಗಳು, ಹಡಗು ಕಂಪನಿಯವರು, ಅವರ ಹೆಂಡಂದಿರು, ನಾಲ್ಕು ಸಾಲು ತುಂಬಿದ್ದರು. ಮೆನನ್ ಸಾಹೇಬರು ಎರಡು ಮಾತಾಡಿ ರೆಕಾರ್ಡು ಹಾಕಿದರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲು ಚಹಾ ಕುಡಿಯುವ ನೆಪದಲ್ಲಿ ಎದ್ದುಹೋಯಿತು. ಅದರ ಮುಂದಿನ ಸಾಲು ಹಿಂದಿನ ಸಾಲನ್ನು ಹುಡುಕುವ ನೆಪದಲ್ಲಿ ಹೋಯಿತು. ಉಳಿದವರ ಮುಖದಲ್ಲಿ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತವರ ಕಳೆ. ಮೆನನ್ ಸಾಹೇಬರ ಹಣೆಯಲ್ಲೂ ಬೆವರಿತ್ತು, ಆದರೆ ಅದು ಕೊಚ್ಚಿಯ ಸೆಕೆಯೆಂದು ಯಜ್ಞನಾರಾಯಣ ತಿಳಿದ.

ರೆಕಾರ್ಡು ಅರ್ಧಕ್ಕೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಬಿಳಿ ಮೀಸೆಯ ಒಬ್ಬರು, ಚಹಾ ಕಂಪನಿಯಿಂದ ನಿವೃತ್ತರಾದವರು, ಎದ್ದು ನಿಂತು ಸೂಜಿ ಎತ್ತಿಸಿದರು. “ಮಿಸ್ಟರ್ ಮೆನನ್, ಇದರಲ್ಲಿ ಯಾರಿಗೂ ಯಾರ ಹಂಗೂ ಇಲ್ಲ. ಒಬ್ಬೊಬ್ಬನೂ ತನಗೆ ತೋಚಿದ್ದನ್ನು ಬಾರಿಸ್ತಾನೆ. ನಮ್ಮ ಅಡುಗೆಯವನು ಪಾತ್ರೆ ಬೀಳಿಸಿದರೂ ಹೀಗೇ ಇರ್ತದೆ. ಇದು ಸಂಗೀತ ಹೇಗಾಯಿತು, ಹೇಳಿ.”

ಸಭೆ ನಕ್ಕಿತು. ಮೆನನ್ ಸಾಹೇಬರು ಮೆಲ್ಲನೆ ಯಜ್ಞನಾರಾಯಣನ ಕಡೆ ತಿರುಗಿದರು.

ಯಜ್ಞನಾರಾಯಣ ಎದ್ದ. ಸ್ವಾತಂತ್ರ್ಯ ಅನ್ನಲೆಂದೇ ಕಣ್ಣು ಮುಚ್ಚಿದ್ದ. ಆದರೆ ಎದುರಿನಿಂದ ಪ್ರಶ್ನೆ ಬಂದಾಗಿತ್ತು. ಅವನ ಪಕ್ಷದವರು ಉತ್ತರವಿಲ್ಲದೆ ಕೂತಿದ್ದರು. ಕುಂಬಳೆಯ ಚಾಪೆಯ ಮೇಲೆ ಕಲಿತದ್ದೆಲ್ಲ ಅವನ ಬೆನ್ನುಮೂಳೆಗೆ ಒಮ್ಮೆಲೇ ಏರಿತು. ಅವನು ಕಣ್ಣು ತೆರೆದು, ಕೈಮುಗಿದು, ನಿಧಾನವಾಗಿ ಇಂಗ್ಲಿಷಿನಲ್ಲಿ ಶುರುಮಾಡಿದ.

“ಯಾರಿಗೂ ಯಾರ ಹಂಗೂ ಇಲ್ಲ ಅಂದಿರಿ. ಸ್ವಾಮಿ, ಇಲ್ಲಿ ಇರುವುದು ಪೂರ್ತಿ ಪರಸ್ಪರರ ಹಂಗೇ. ನಮ್ಮೂರಿನಲ್ಲಿ ಒಂದು ಮಾತಿನ ಆಟ ಉಂಟು. ಕತೆ ಎಲ್ಲರಿಗೂ ಗೊತ್ತು, ಆದರೆ ಒಂದು ಮಾತೂ ಬರೆದಿಟ್ಟದ್ದಲ್ಲ. ಕೃಷ್ಣ ಒಂದು ಮಾತು ಎಸೆದರೆ ಕೌರವ ಆ ಮಾತಿಗೇ ಉತ್ತರ ಕೊಡಬೇಕು. ಮನೆಯಲ್ಲಿ ಬಾಯಿಪಾಠ ಮಾಡಿ ತಂದದ್ದನ್ನು ಹೇಳಿದರೆ ಜನ ಹಿಡಿದುಬಿಡ್ತಾರೆ. ಇವರೂ ಹಾಗೆ. ಹಾಡು ಯಾವಾಗ ಶುರುವಾಗುತ್ತದೆ ಎಂದು ಕಾಯಬೇಡಿ, ನಾನು ಕಾದು ಕೆಟ್ಟಿದ್ದೇನೆ. ಇವರು ಸೇರಿ ಹಾಡುತ್ತಿಲ್ಲ, ಮಾತಾಡುತ್ತಿದ್ದಾರೆ. ಯಾರು ಕೇಳಿದರು, ಯಾರು ಉತ್ತರ ಕೊಟ್ಟರು, ಯಾರು ಕೇಳಿಸದ ಹಾಗೆ ನಟಿಸಿದರು, ಅಷ್ಟು ನೋಡಿ.”

ಚಹಾಕ್ಕೆ ಹೋದವರು ಕಪ್ಪು ಹಿಡಿದು ಬಾಗಿಲಿಗೆ ಬಂದು ನಿಂತಿದ್ದರು.

“ಗೊಂದಲ ಆಗುತ್ತದೆ, ಸರಿ. ನನಗೂ ಆಗುತ್ತದೆ. ಮದುವೆಮನೆಯಲ್ಲಿ ಮಗು ಏನು ಮಾಡುತ್ತದೆ? ಅಷ್ಟು ಜನರನ್ನು ಒಟ್ಟಿಗೆ ನೋಡುವುದಿಲ್ಲ, ಅಮ್ಮನ ಸೆರಗು ಒಂದನ್ನು ಹಿಡಿದುಕೊಳ್ಳುತ್ತದೆ. ನೀವೂ ಒಂದು ವಾದ್ಯವನ್ನು ಹಿಡಿದುಕೊಳ್ಳಿ. ಕೆಳಗೆ ಗುಂಯ್‌ಗುಟ್ಟುವ ಆ ದಪ್ಪ ತಂತಿಯದ್ದನ್ನು ಹಿಡಿಯಿರಿ. ಅದು ಕರೆದುಕೊಂಡು ಹೋದಲ್ಲಿ ಹೋಗಿ. ಕೈಯಲ್ಲಿ ತಾಳ ಹಾಕಬೇಡಿ, ನಮ್ಮ ಪೈಕಿ ಒಬ್ಬರು ಹಾಕಿ ಕೈ ನೋಯಿಸಿಕೊಂಡಿದ್ದಾರೆ. ಅಡುಗೆಯವನು ಪಾತ್ರೆ ಬೀಳಿಸಿದರೆ ಆ ಪಾತ್ರೆ ಇನ್ನೊಂದು ಪಾತ್ರೆಗೆ ಉತ್ತರ ಕೊಡುವುದಿಲ್ಲ. ಇಲ್ಲಿ ಕೊಡುತ್ತದೆ. ವ್ಯತ್ಯಾಸ ಇಷ್ಟೇ.”

ಮೆನನ್ ಸಾಹೇಬರು ಪುನಃ ಸೂಜಿ ಇಟ್ಟರು. ಈ ಸಲ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು, “ನೋಡಿ, ಈಗ ಕೇಳಿಸದ ಹಾಗೆ ನಟಿಸ್ತಿದ್ದಾನೆ,” ಎಂದು ಗಂಡನಿಗೆ ತಿವಿದಳು. ವಿಚಿತ್ರವೆಂದರೆ, ಯಜ್ಞನಾರಾಯಣನಿಗೂ ಈಗ ಕೇಳಿಸುತ್ತಿತ್ತು. ತುತ್ತೂರಿಯವನು ಜರೆಯುತ್ತಿದ್ದ, ಸ್ಯಾಕ್ಸೊಫೋನಿನವನು ಅಳುತ್ತಲೇ ಸಮರ್ಥಿಸಿಕೊಳ್ಳುತ್ತಿದ್ದ, ಡ್ರಮ್ಮಿನವನು ಇಬ್ಬರಿಗೂ ಬೆಂಕಿ ಹಚ್ಚುತ್ತಿದ್ದ. ಎದುರಾಳಿಗೆ ಹೇಳಿದ ಮಾತು ತನಗೇ ನಿಜವಾಗಿಬಿಟ್ಟದ್ದನ್ನು ನೋಡಿ ಅವನಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಕೊನೆಯಲ್ಲಿ ಬಿಳಿ ಮೀಸೆಯವರೇ ಮೊದಲು ಚಪ್ಪಾಳೆ ತಟ್ಟಿದರು.

ಸಭೆ ಚದುರಿದ ಮೇಲೆ ಮೆನನ್ ಸಾಹೇಬರು ಯಜ್ಞನಾರಾಯಣನನ್ನೂ ದಿನಕರನನ್ನೂ ವರಾಂಡಕ್ಕೆ ಕರೆದರು. ಮೊದಲು ದಿನಕರನನ್ನು, ನಿಮಗೆ ಹೇಗನಿಸಿತು ಎಂದು ಕೇಳಿದರು. ದಿನಕರನಿಗೆ ವರ್ಗ ಬೇಕಿರಲಿಲ್ಲ, ಬಡ್ತಿಯ ವಯಸ್ಸೂ ಆಗಿರಲಿಲ್ಲ. ಏನೂ ಬೇಡದವನ ಧೈರ್ಯದಿಂದ ಅವನು, “ನಿಜ ಹೇಳಬೇಕೂಂದ್ರೆ ಸರ್, ತಲೆ ಸಿಡೀತಾ ಇದೆ. ಒಂದಕ್ಷರ ಅರ್ಥ ಆಗಲಿಲ್ಲ,” ಅಂದುಬಿಟ್ಟ.

ಮೆನನ್ ಸಾಹೇಬರು ಅವನ ಹೆಗಲು ತಟ್ಟಿ, ನಿಟ್ಟುಸಿರು ಬಿಟ್ಟು, ಕುರ್ಚಿಯಲ್ಲಿ ಕೂತರು.

“ನನಗೂ ಆಗಿರಲಿಲ್ಲ,” ಅಂದರು. “ಎರಡು ವರ್ಷದಿಂದ ಆಗಿಲ್ಲ. ನನ್ನ ಅಳಿಯ ಅಮೆರಿಕದಲ್ಲಿದ್ದಾನೆ. ಮದುವೆಯ ಹೊಸದರಲ್ಲಿ, ಮಾವ, ನಿಮಗೆ ಫ್ರೀ ಜಾಜ್ ಇಷ್ಟವೇ ಎಂದು ಕೇಳಿದ. ಅಳಿಯನಲ್ಲವೇ, ಹೌದು ಅಂದುಬಿಟ್ಟೆ. ಅಂದಿನಿಂದ ರೆಕಾರ್ಡು ಕಳಿಸುತ್ತಲೇ ಇದ್ದಾನೆ. ಪ್ರತಿಯೊಂದಕ್ಕೂ ನನ್ನ ಅಭಿಪ್ರಾಯ ಬೇಕು ಅವನಿಗೆ. ಪತ್ರ ಬರೆದು ಬರೆದು ಈ ಸಭೆ ಮಾಡಿಸಿದವನೂ ಅವನೇ. ಬರುವ ವರ್ಷ ಆರು ತಿಂಗಳು ನಮ್ಮ ಮನೆಯಲ್ಲೇ ಇರಲಿಕ್ಕೆ ಬರ್ತಾನೆ, ಕೂತು ಮಾತಾಡೋಣ ಅಂತ.”

ಯೆಸ್ ಸರ್ ಎಂಬ ರೋಗ ಇಷ್ಟು ಎತ್ತರದವರೆಗೂ ಹಬ್ಬಿರುತ್ತದೆ ಎಂದು ಯಜ್ಞನಾರಾಯಣ ಎಣಿಸಿರಲಿಲ್ಲ.

ಮೆನನ್ ಸಾಹೇಬರು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದರು. “ನಿಮ್ಮ ಹೆಸರಿಗೆ ಮಂಗಳೂರಿನ ಆರ್ಡರು ತಂದಿದ್ದೆ. ಆ ದಿನ ನೀವು ಬರೀ ಬಾಯಿಮಾತಿಗೆ ಯೆಸ್ ಅಂದದ್ದು ಎಂದೇ ನಾನು ಎಣಿಸಿದ್ದೆ. ಆದರೂ ಮಾತಾಡಿಸಲಿಕ್ಕೆ ನನಗೆ ಬೇರೆ ಯಾರೂ ಇರಲಿಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ಕೊಟ್ಟು ಕಳಿಸಿಬಿಡೋಣ ಅಂತ ಇದ್ದೆ. ಇಷ್ಟು ತಿಳಿದವರು ಅಂತ ಗೊತ್ತಾದ ಮೇಲೆ ನಿಮ್ಮನ್ನು ಬಿಡುವುದು ಹೇಗೆ?” ಎಂದು ಅದನ್ನು ನಾಲ್ಕು ತುಂಡು ಮಾಡಿದರು. “ಸೋಮವಾರದಿಂದ ನೀವು ಟ್ರಿವೇಂಡ್ರಂ. ನನ್ನ ಆಫೀಸಿಗೇ ಹಾಕಿಸ್ತೇನೆ. ಸಂಜೆ ನಮ್ಮ ಮನೆ. ಇನ್ನೂ ಒಂದು ಕಪಾಟು ತುಂಬ ರೆಕಾರ್ಡುಗಳಿವೆ.” ಆಮೇಲೆ ದಿನಕರನ ಕಡೆ ನೋಡಿ ಮುಗುಳ್ನಕ್ಕರು. “ಪಾಪ, ಇವರಿಗೆ ಇಲ್ಲಿ ಯಾಕೆ ಹಿಂಸೆ? ಮಂಗಳೂರಿಗೆ ಇವರನ್ನು ಕಳಿಸೋಣ.”

ಯಜ್ಞನಾರಾಯಣನ ಬಾಯಿಂದ ಹೊರಟದ್ದು ಆ ಅಭ್ಯಾಸದ ಎರಡೇ ಶಬ್ದ. ದಿನಕರ ಪ್ರೇಮಳ ದೋಣಿಯ ಜೆಟ್ಟಿಯ ಕಡೆ ತಿರುಗಿದ.

ಐಲ್ಯಾಂಡಿನ ತಂತಿ ಕಚೇರಿಯಲ್ಲಿ ಶನಿವಾರದ ಟ್ರಂಕ್ ಕಾಲ್ ಕೂಡಿಬಂದಾಗ ಸುಮಿತ್ರ ಎಂದಿನಂತೆ ನೆರೆಮನೆಯ ಡಾಕ್ಟರ ಫೋನಿನ ಹತ್ತಿರ ಕಾದಿದ್ದಳು. ಅವನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

“ಅರ್ಥ ಆಗ್ಲಿಲ್ಲ ಸರ್ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?” ಅವಳ ದನಿ ಒದ್ದೆಯಾಗಿತ್ತು.

“ಹೇಳುವವನೇ ಇದ್ದೆ. ಎದುರಿನವರು ಪ್ರಶ್ನೆ ಹಾಕಿಬಿಟ್ರು ಮಾರಾಯ್ತಿ.”

ಸುಮಿತ್ರಳ ತವರೂ ಕುಂಬಳೆಯೇ.

“ಉತ್ತರ ಸರಿ ಕೊಟ್ರಾ?”

“ಕೊಟ್ಟೆ. ಅವರು ಪುನಃ ಬಾಯಿ ತೆರೀಲಿಲ್ಲ.”

“ಹಾಗಾದ್ರೆ ಎಂತ ಮಾಡ್ಲಿಕ್ಕಾಗ್ತದೆ,” ಅಂದಳು ಸುಮಿತ್ರ. ಅಳುವಿನ ನಡುವೆಯೂ ಅದರಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಆ ದಿನಕರ ಪಾಪ, ಇಲ್ಲಿ ಗುರುತು ಪರಿಚಯ ಇಲ್ಲದವರು. ರೂಮು ಸಿಗುವವರೆಗೆ ಊಟಕ್ಕೆ ನಮ್ಮಲ್ಲಿಗೇ ಬರ್ಲಿಕ್ಕೆ ಹೇಳಿ. ಪತ್ರೊಡೆಗೆ ಕೆಸುವಿನೆಲೆ ತಂದಿಟ್ಟಿದ್ದೇನೆ. ನೀವು ಬರ್ತೀರಿ ಅಂತ ತಂದದ್ದು, ಹಾಳಾಗುವುದು ಬೇಡ.” ಅಷ್ಟಕ್ಕೆ ಹೊತ್ತು ಮುಗಿಯಿತೆಂದು ಆಪರೇಟರ್ ಲೈನು ಕತ್ತರಿಸಿದ.

ಹೊರಗೆ ಮೆಟ್ಟಿಲ ಮೇಲೆ ದಿನಕರ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಎದುರಿನ ಜೆಟ್ಟಿಯಿಂದ ಎರ್ನಾಕುಳಂನ ದೋಣಿ ಹೊರಟಿತ್ತು. ಅದರಲ್ಲಿ ಪ್ರೇಮ ಇರಲಿಲ್ಲ, ಆದರೂ ಅವನು ಅದನ್ನೇ ನೋಡುತ್ತಿದ್ದ. ಯಜ್ಞನಾರಾಯಣ ಪಕ್ಕದಲ್ಲಿ ಕೂತು ಹೆಂಡತಿ ಹೇಳಿದ್ದನ್ನು ಹೇಳಿದ.

ದಿನಕರ ಅನುಮಾನದಿಂದ ತಿರುಗಿ ಕೇಳಿದ:

“ಏನ್ರೀ ಅದು, ಪತ್ರೊಡೆ? ಕೆಸುವಿನೆಲೆ ಅಂತೀರಿ, ಗಂಟಲು ಗಿಂಟಲು ತುರಿಸಲ್ಲ ತಾನೆ?”